ಊರ ಬಾಯಿ ಇಟ್ಟ ಹೆಸರು

ತಿಕೋಟಾದ ನಿಲ್ದಾಣದಲ್ಲಿ ನಿಂತ ಬಸ್ಸಿನ ಹಣೆಯ ಮೇಲೆ ‘ವಿಜಯಪುರ’ ಎಂದು ಬರೆದಿರುತ್ತದೆ. ಬಾಗಿಲಿಗೆ ಜೋತುಬಿದ್ದ ಕಂಡಕ್ಟರ್ ಕೂಗುವುದು ಮಾತ್ರ ‘ಬಿಜಾಪೂರ, ಬಿಜಾಪೂರ, ಬಿಜಾಪೂರ’. ಗಂಟು ಹೊತ್ತ ಮುದುಕಿಯೊಬ್ಬಳು ಓಡುತ್ತ ಬಂದು, ‘ಯಪ್ಪಾ, ಇಜಾಪೂರಕ ಹೊಂಟದೇನೋ?’ ಎಂದು ಕೇಳುತ್ತಾಳೆ. ‘ಹತ್ತಬೇ ಯವ್ವಾ, ಲಗೂನ ಹತ್ತು’ ಎನ್ನುತ್ತಾನೆ ಕಂಡಕ್ಟರ್. ಬರೆದದ್ದು ಒಂದು, ಕೂಗಿದ್ದು ಒಂದು, ಕೇಳಿದ್ದು ಇನ್ನೊಂದು. ಆದರೂ ಯಾರೂ ತಪ್ಪು ಬಸ್ ಹತ್ತುವುದಿಲ್ಲ.

ಈ ಊರಿಗೆ ಹೆಸರಿಟ್ಟವರು ಬಹಳ. ಬಾದಶಹರು ಇಟ್ಟರು, ಅವರನ್ನು ಗೆದ್ದವರು ಇಟ್ಟರು, ಬ್ರಿಟಿಷರು ಇಟ್ಟರು, ನಮ್ಮ ಸರ್ಕಾರವೂ ಇಟ್ಟಿತು. ಆದರೆ ಊರಿನ ಮಂದಿ ಚೌಕಿನಲ್ಲಿ, ಸಂತೆಯಲ್ಲಿ, ಬುರುಜಿನ ನೆರಳಲ್ಲಿ ಕುಳಿತು ನಗುತ್ತ ಇಟ್ಟ ಹೆಸರುಗಳು ಬೇರೆಯೇ ಇವೆ. ಹಾಗೆ ಇಟ್ಟ ಹೆಸರುಗಳೇ ಹೆಚ್ಚು ಕಾಲ ಬಾಳಿವೆ ಎನ್ನುವುದು ಈ ಊರಿನ ಚರಿತ್ರೆ ಓದುತ್ತ ನನಗೆ ಮನದಟ್ಟಾದ ಸಂಗತಿ.

ಮೊದಲು ಅರಮನೆಯ ಹೆಸರುಗಳನ್ನು ನೋಡೋಣ. ಕಲ್ಯಾಣದ ಚಾಲುಕ್ಯರ ಕಾಲಕ್ಕೇ ಇದು ವಿಜಯಪುರ. ಬಹಮನಿ ರಾಜ್ಯ ಒಡೆದು 1490ರ ಸುಮಾರಿಗೆ ಯೂಸುಫ್ ಆದಿಲ್ ಖಾನ್ ಇಲ್ಲಿ ಸ್ವತಂತ್ರನಾಗುವ ಹೊತ್ತಿಗೆ ‘ವ’ಕಾರ ‘ಬ’ಕಾರವಾಗಿ ಫಾರಸಿ ಬರಹದಲ್ಲಿ ‘ಬಿಜಾಪುರ’ ನೆಲೆಯಾಗುತ್ತಿತ್ತು. ಆದರೆ ಸುತ್ತಲಿನ ಕನ್ನಡಿಗರ, ಮರಾಠಿಗರ ನಾಲಿಗೆ ‘ವ’ವನ್ನು ಬಿಟ್ಟುಕೊಡಲಿಲ್ಲ. ಹದಿನೇಳನೆಯ ಶತಮಾನದ ಯುರೋಪಿನ ಪ್ರವಾಸಿಗರು ಈ ಊರನ್ನು ‘ವಿಸಾಪುರ’ ಎಂದೇ ಬರೆದುಕೊಂಡರು. ಅವರ ಕಿವಿಗೆ ಬಿದ್ದದ್ದು ದರ್ಬಾರಿನ ಉಚ್ಚಾರವಲ್ಲ, ಪೇಟೆಯ ಉಚ್ಚಾರ. ನಮ್ಮ ಭಾಗದ ಹಳೆಯ ಕಾಗದಪತ್ರಗಳಲ್ಲಿ, ಪತ್ರಿಕೆಗಳಲ್ಲಿ ಕಾಣುವ ‘ವಿಜಾಪುರ’ ಅದೇ ಪೇಟೆಯ ಮಾತಿನ ಮುಂದುವರಿಕೆ.

ಎರಡನೆಯ ಇಬ್ರಾಹಿಂ ಆದಿಲ್ ಶಾಹನಿಗೆ (1580–1627) ಹೆಸರಿಡುವುದೆಂದರೆ ಪ್ರಾಣ. ಸಂಗೀತದ ಹುಚ್ಚಿನ ಈ ಅರಸ ತನ್ನ ತಂಬೂರಿಗೆ ಮೋತಿ ಖಾನ್ ಎಂದು ಹೆಸರಿಟ್ಟಿದ್ದ, ಆನೆಗೆ ಆತಶ್ ಖಾನ್ ಎಂದು. ರಾಜಧಾನಿಯನ್ನು ‘ವಿದ್ಯಾಪುರ’ ಎಂದು ಕರೆದ. 1599ರಲ್ಲಿ ತೊರವಿಯ ಹತ್ತಿರ ಹೊಸ ಪಟ್ಟಣ ಕಟ್ಟಲು ತೊಡಗಿ ಅದಕ್ಕೆ ‘ನೌರಸಪುರ’ ಎಂದ. ದಖನಿಯಲ್ಲಿ ಓದಿದರೆ ನೌರಸ ಎಂದರೆ ಒಂಬತ್ತು ರಸ, ಫಾರಸಿಯಲ್ಲಿ ಓದಿದರೆ ಈಗಷ್ಟೇ ಹಣ್ಣಾದದ್ದು, ಹೊಸದಾಗಿ ಬಂದದ್ದು. ಎರಡು ನುಡಿಗಳನ್ನು ಒಂದೇ ದಾರದಲ್ಲಿ ಪೋಣಿಸಿದ ಶ್ಲೇಷೆ ಅದು. ಆ ಪದ ಅವನಿಗೆ ಎಷ್ಟು ಹಿಡಿಸಿತ್ತೆಂದರೆ ಅವನ ಹಾಡುಗಳ ಪುಸ್ತಕ ‘ಕಿತಾಬ್-ಎ-ನೌರಸ್’ ಆಯಿತು, ಅವನ ಆಶ್ರಯದಲ್ಲಿ ಫರಿಶ್ತಾ ಬರೆದ ಇತಿಹಾಸಕ್ಕೂ ‘ನೌರಸ್‌ನಾಮಾ’ ಎಂಬ ಹೆಸರು ಅಂಟಿತು. ಆದರೆ 1624ರಲ್ಲಿ ಅಹ್ಮದನಗರದ ಮಲಿಕ್ ಅಂಬರ್ ದಂಡೆತ್ತಿ ಬಂದು ನೌರಸಪುರವನ್ನು ಹಾಳುಗೆಡವಿದ. ಅಷ್ಟು ಅಕ್ಕರೆಯಿಂದ ಇಟ್ಟ ಹೆಸರು ಪಾಳುಗೋಡೆಗಳಿಗೆ ಉಳಿಯಿತು. ‘ವಿದ್ಯಾಪುರ’ವಂತೂ ಪೇಟೆಯ ಬಾಯಿಗೆ ಬೀಳಲೇ ಇಲ್ಲ.

ಬಾಯಿಗೆ ಬಿದ್ದದ್ದು ಅರಸನಿಗೆ ಮಂದಿ ಇಟ್ಟ ಹೆಸರು: ಜಗದ್ಗುರು ಬಾದಶಹ. ಸರಸ್ವತಿಯನ್ನೂ ಗಣಪತಿಯನ್ನೂ ನೆನೆದು ಹಾಡು ಕಟ್ಟುವ ಸುಲ್ತಾನನನ್ನು ಏನೆಂದು ಕರೆಯಬೇಕು? ಮಠದ ಗಾದಿಗೆ ಸಲ್ಲುವ ಬಿರುದನ್ನೂ ತಖ್ತಿಗೆ ಸಲ್ಲುವ ಬಿರುದನ್ನೂ ಜೋಡಿಸಿ ಒಬ್ಬನ ತಲೆಗೆ ಇಟ್ಟುಬಿಟ್ಟರು. ಅದರಲ್ಲಿ ಒಂದು ತಿಳಿನಗೆ ಇದೆ, ಅದಕ್ಕಿಂತ ಹೆಚ್ಚಾಗಿ ಪ್ರೀತಿ ಇದೆ. ನಾನೂರು ವರ್ಷವಾದರೂ ಬಿಜಾಪುರದಲ್ಲಿ ಆ ಹೆಸರು ಹೇಳಿದರೆ ಯಾರ ಮಾತೆಂದು ತಿಳಿಯುತ್ತದೆ.

1686ರ ಸೆಪ್ಟೆಂಬರ್‌ನಲ್ಲಿ ಕಡೆಯ ಸುಲ್ತಾನ ಸಿಕಂದರ ಶರಣಾದ. ಔರಂಗಜೇಬ್ ಗೆದ್ದ ಊರಿಗೆ ‘ದಾರ್-ಉಜ್-ಜಫರ್’ ಎಂಬ ಬಿರುದು ಕೊಟ್ಟ, ಅಲ್ಲಿಯ ಟಂಕಸಾಲೆಯ ನಾಣ್ಯಗಳ ಮೇಲೂ ಅದನ್ನು ಅಚ್ಚೊತ್ತಿಸಿದ. ಅದರ ಅರ್ಥ ಬಿಡಿಸಿದರೆ ವಿಜಯದ ನೆಲೆ, ಎಂದರೆ ವಿಜಯಪುರ! ಆರು ಶತಮಾನ ಹಿಂದೆಯೇ ಕನ್ನಡ ಶಾಸನಗಳಲ್ಲಿದ್ದ ಹೆಸರನ್ನೇ ದಿಲ್ಲಿಯ ಬಾದಶಹ ಫಾರಸಿಯಲ್ಲಿ ಮತ್ತೆ ಇಟ್ಟಂತಾಯಿತು. ಇದನ್ನು ಮೊದಲ ಸಲ ಗಮನಿಸಿದ ದಿನ ನಾನು ಬಹಳ ಹೊತ್ತು ಪುಸ್ತಕ ಮುಚ್ಚಿ ಕುಳಿತಿದ್ದೆ. ನಾಣ್ಯಗಳು ಕರಗಿದವು, ಬಿರುದೂ ಹೋಯಿತು, ಬಿಜಾಪುರ ಬಿಜಾಪುರವಾಗಿಯೇ ನಡೆಯಿತು.

ನಮ್ಮ ಕಡೆ ‘ಅಡ್ಡಹೆಸರು’ ಎಂಬ ಒಂದೇ ಮಾತು ಮನೆತನದ ಹೆಸರಿಗೂ ಸಲ್ಲುತ್ತದೆ, ಗೆಳೆಯರು ಚಾಷ್ಟಿಗೆ ಇಟ್ಟ ಹೆಸರಿಗೂ ಸಲ್ಲುತ್ತದೆ. ಇದು ಸುಮ್ಮನೆ ಆದದ್ದಲ್ಲ. ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ, ತುಪ್ಪದ ಎಂಬ ಮನೆತನಗಳ ಹುಟ್ಟು ಯಾವ ಅರಮನೆಯ ಸನದಿನಲ್ಲೂ ಇಲ್ಲ. ಯಾವುದೋ ತಲೆಮಾರಿನಲ್ಲಿ ಓಣಿಯವರು ಕರೆದರು, ಅದೇ ಶಾಲೆಯ ದಾಖಲೆಗೂ ಹೊಲದ ಉತಾರಕ್ಕೂ ಏರಿತು. ಬಬಲೇಶ್ವರ ಬಿಟ್ಟು ಬೇರೆ ಊರಿನಲ್ಲಿ ನೆಲೆಸಿದವರು ‘ಬಬಲೇಶ್ವರ’ದವರಾದರು. ಮನುಷ್ಯರಿಗೆ ಹೀಗೆ ಹೆಸರಿಡುವ ಮಂದಿ ಕಲ್ಲುಕಟ್ಟಡಗಳನ್ನು ಸುಮ್ಮನೆ ಬಿಟ್ಟಾರೆಯೆ?

ಮೊದಲು ಮೆಹತರ್ ಮಹಲಿಗೆ ಹೋಗೋಣ. ಕೋಟೆಯಿಂದ ಜಾಮಿ ಮಸೀದಿಯ ಕಡೆಗೆ ಹೋಗುವ ಹಾದಿಯಲ್ಲಿ ಎರಡು ಸಣ್ಣ ಮಿನಾರುಗಳ, ಮುಂಚಾಚಿದ ಕಲ್ಲುಗವಾಕ್ಷಿಯ ಸೊಗಸಾದ ಕಟ್ಟಡವಿದೆ. ಮಹಲೆಂದು ಹೆಸರು, ಆದರೆ ಅದು ಮಹಲಲ್ಲ, ಒಳಗಿನ ಮಸೀದಿಯ ಹೆಬ್ಬಾಗಿಲು. ಗವಾಕ್ಷಿಯನ್ನು ಹೊತ್ತ ಕಲ್ಲಿನ ಆಸರೆಗಳನ್ನು ಕಟ್ಟಿಗೆಯ ಕೆತ್ತನೆಯಷ್ಟು ನವಿರಾಗಿ ಬಿಡಿಸಿದ್ದಾರೆ. ಬಿಜಾಪುರದ ಕೆತ್ತನೆಯ ಕೆಲಸದಲ್ಲಿ ಇದಕ್ಕಿಂತ ಚೆಲುವಾದದ್ದು ಇಬ್ರಾಹಿಂ ರೋಜಾ ಒಂದೇ ಎನ್ನುವುದು ನನ್ನ ಮತ. ಇಷ್ಟು ಚೆಂದದ ಕಟ್ಟಡಕ್ಕೆ ಊರವರು ಇಟ್ಟ ಹೆಸರು ‘ಕಸ ಗುಡಿಸುವವನ ಮಹಲು’.

ಅದರ ಹಿಂದೊಂದು ಕತೆ ಇದೆ. ಮೊದಲನೆಯ ಇಬ್ರಾಹಿಂ ಆದಿಲ್ ಶಾಹನಿಗೆ ಕುಷ್ಠ ಹತ್ತಿತಂತೆ. ಜೋಯಿಸನೊಬ್ಬ ಬಂದು, ನಾಳೆ ಬೆಳಗಾಗ ಎದ್ದ ಕೂಡಲೇ ಮೊದಲು ಯಾರ ಮುಖ ಕಾಣುತ್ತೀರೋ ಅವರಿಗೆ ದೊಡ್ಡ ಮೊತ್ತ ದಾನ ಕೊಡಿರಿ, ರೋಗ ಹೋಗುತ್ತದೆ ಎಂದ. ಮೊದಲು ತನ್ನ ಮುಖವೇ ಕಾಣಲಿ ಎಂಬುದು ಜೋಯಿಸನ ಲೆಕ್ಕ. ಆದರೆ ಅರಸನಿಗೆ ನಿದ್ದೆ ಹತ್ತಲಿಲ್ಲ, ಹೊತ್ತಿಗೆ ಮುಂಚೆಯೇ ಎದ್ದ. ಅಂಗಳದಲ್ಲಿ ಕಸಬರಿಗೆ ಹಿಡಿದು ನಿಂತಿದ್ದ ಮೆಹತರ್ ಕಂಡ. ಕೊಟ್ಟ ಮಾತು ಕೊಟ್ಟದ್ದೇ, ಹಣ ಅವನಿಗೆ ಹೋಯಿತು. ಅಷ್ಟು ಹಣ ಏನು ಮಾಡುವುದೆಂದು ತಿಳಿಯದೆ ಆ ಬಡವ ಈ ಕಟ್ಟಡ ಕಟ್ಟಿಸಿದ.

ಕತೆಗೂ ಕಲ್ಲಿಗೂ ಹೊಂದುವುದಿಲ್ಲ. ಮೊದಲನೆಯ ಇಬ್ರಾಹಿಂ 1558ರಲ್ಲೇ ತೀರಿಕೊಂಡ, ಈ ಕೆತ್ತನೆಯ ರೀತಿಯಾದರೋ ಅವನ ಮೊಮ್ಮಗನ ಪೀಳಿಗೆಯ ಜಗದ್ಗುರು ಬಾದಶಹನ ಕಾಲದ್ದು. ‘ಮೆಹತರ್’ ಎಂಬ ಮಾತಿನಲ್ಲೇ ಇನ್ನೊಂದು ಕೀಲಿ ಇದೆ. ಫಾರಸಿಯಲ್ಲಿ ಅದರ ಅರ್ಥ ‘ಹೆಚ್ಚು ದೊಡ್ಡವನು’. ಸರದಾರರಿಗೂ ಮನೆವಾರ್ತೆಯ ಮುಖ್ಯಸ್ಥರಿಗೂ ಸಲ್ಲುತ್ತಿದ್ದ ಆ ಬಿರುದನ್ನು ಹಿಂದೂಸ್ತಾನದಲ್ಲಿ ಕಸ ಗುಡಿಸುವವರಿಗೆ ಕೊಟ್ಟರು. ಎಲ್ಲರಿಗಿಂತ ಕೆಳಗೆ ಕೂಡ್ರಿಸಿದವರನ್ನು ಎಲ್ಲರಿಗಿಂತ ದೊಡ್ಡವರೆಂದು ಕರೆದ ಅಡ್ಡಹೆಸರು ಅದು. ಯಾವನೋ ಮೆಹತರ್ ಎಂಬ ಬಿರುದಿನ ದೊಡ್ಡ ಅಧಿಕಾರಿ ಕಟ್ಟಿಸಿರಬಹುದಾದ ಬಾಗಿಲನ್ನು ಊರ ಕತೆ ಕಸ ಗುಡಿಸುವವನ ಕೈಗೆ ಕೊಟ್ಟಿತು. ಚರಿತ್ರಕಾರರು ಇದನ್ನು ತಪ್ಪೆಂದು ತಳ್ಳಿಹಾಕಬಹುದು. ನನಗೆ ಮಾತ್ರ ಆ ಕತೆ ಕಟ್ಟಿದವರ ಬಗ್ಗೆ ಗೌರವ ಹೆಚ್ಚುತ್ತದೆ. ಬಾದಶಹರ ಹೆಸರಿನ ಕಟ್ಟಡಗಳೇ ತುಂಬಿದ ಊರಿನಲ್ಲಿ, ನಸುಕಿನಲ್ಲಿ ಎದ್ದು ದುಡಿಯುವ ಒಬ್ಬನಿಗೂ ಒಂದು ಮಹಲು ಇರಲಿ ಎಂದು ಅವರಿಗೆ ಅನ್ನಿಸಿತಲ್ಲ!

ಇನ್ನು ತೋಪುಗಳು. ಶೆರ್ಜಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದವನು ಮುಹಮ್ಮದ್ ಬಿನ್ ಹಸನ್ ರೂಮಿ. ಉದ್ದ ಹದಿನಾಲ್ಕು ಅಡಿಗೂ ಹೆಚ್ಚು, ತೂಕ ಸುಮಾರು 55 ಟನ್. ಬಾಯಿಯ ಕಡೆ ಆನೆಯನ್ನು ಕಚ್ಚಿ ಹಿಡಿದ ರಕ್ಕಸ ಮೃಗದ ಮುಖ. 1632ರಲ್ಲಿ ಪರಾಂಡಾ ಕೋಟೆಯಿಂದ ಇದನ್ನು ಬಿಜಾಪುರಕ್ಕೆ ಎಳೆಸಿ ತಂದರು. ಇದರ ಜೋಡಿ ‘ಕಡಕ್ ಬಿಜಲಿ’ ಎಂಬ ತೋಪು ದಾರಿಯಲ್ಲಿ ಹೊಳೆಯ ಪಾಲಾಯಿತೆಂಬ ಮಾತಿದೆ. ಊರನ್ನು ಗೆದ್ದ ಔರಂಗಜೇಬ್ ಇದೇ ತೋಪಿನ ಮೇಲೆ ತಾನು ಮಲಿಕ್-ಎ-ಮೈದಾನ್‌ನನ್ನೂ ಮಣಿಸಿದೆನೆಂದು ಬರೆಸಿದ. ಅಂಥವನ ಬಾಯಲ್ಲೂ ಅದು ಬರಿಯ ಲೋಹವಾಗಿರಲಿಲ್ಲ, ಒಬ್ಬ ಎದುರಾಳಿಯಾಗಿತ್ತು.

1854ರಲ್ಲಿ ಬ್ರಿಟಿಷ್ ಅಧಿಕಾರಿಗಳು ಕೆಲಸಕ್ಕೆ ಬಾರದ ಹಳೆಯ ಸಾಮಾನೆಂದು ಇದನ್ನು ಹರಾಜಿಗೆ ಇಟ್ಟರು. ಬಂದ ಅತಿ ಹೆಚ್ಚಿನ ಸವಾಲು 150 ರೂಪಾಯಿ. ಊರ ಜನ ಅದರ ಮೇಲೆ ಇಟ್ಟುಕೊಂಡಿದ್ದ ಭಕ್ತಿಯನ್ನು ಸ್ಥಳದ ಮಾಮಲೇದಾರರು ಮೇಲಿನವರ ಗಮನಕ್ಕೆ ತಂದರು, ಹರಾಜು ನಿಂತಿತು. ಆ ಮಾಮಲೇದಾರರು ಅಂದು ಕಾಗದ ಬರೆಯದೆ ಸುಮ್ಮನಿದ್ದರೆ ಇಂದು ಶೆರ್ಜಾ ಬುರುಜು ಬರಿದಾಗಿರುತ್ತಿತ್ತು. ತೋಪು ಉಳಿದದ್ದಷ್ಟೇ ಅಲ್ಲ, ಅದರ ಹೆಸರು ಬುರುಜು ಇಳಿದು ನಾಡೆಲ್ಲ ತಿರುಗಿತು. ಮರಾಠಿಯಲ್ಲಿ ವೇದಿಕೆ ನಡುಗುವಂತೆ ಮಾತಾಡುವ ಭಾಷಣಕಾರನನ್ನು ‘ಮುಲುಖಮೈದಾನ ತೋಫ್’ ಎಂದೇ ಕರೆಯುತ್ತಾರೆ. ಬಿಜಾಪುರದ ಗೋಡೆಯ ಇನ್ನೊಂದು ಬುರುಜಿನ ಮೇಲೆ ಇಪ್ಪತ್ತೊಂದು ಅಡಿಗೂ ಮೀರಿದ ಕಬ್ಬಿಣದ ತೋಪೊಂದಿದೆ. ಅದರ ಹೆಸರು ‘ಲಂಡಾ ಕಸಾಬ್’, ಎಂದರೆ ಬಾಲ ಕತ್ತರಿಸಿದ ಮೊಂಡ ಕಟುಕ. ಸಾವು ತರುವ ಯಂತ್ರಕ್ಕೆ ಇಂಥ ಹೆಸರಿಡುವುದು ಅದರ ಪಕ್ಕದಲ್ಲೇ ಮಲಗಿ ಏಳುವ ಸಿಪಾಯಿಗಳಿಗೆ ಮಾತ್ರ ಸಾಧ್ಯ.

ಹೆಸರಿಡುವುದರಲ್ಲಿ ಬ್ರಿಟಿಷರು ಸೋತ ಒಂದು ಕಡೆ ಇದೆ, ಜೋಡಗುಮ್ಮಟ. ಅಕ್ಕಪಕ್ಕದ ಎರಡು ಗುಮ್ಮಟಗಳನ್ನು ನೋಡಿ ಅವರು ‘ಇಬ್ಬರು ಅಕ್ಕತಂಗಿಯರು’ ಎಂದರು. ಒಂದರೊಳಗೆ ಮಲಗಿದವರು ಸೇನಾಪತಿ ಖಾನ್ ಮುಹಮ್ಮದ್ ಮತ್ತು ಅವನ ಮಗ ಖವಾಸ್ ಖಾನ್, ಇನ್ನೊಂದರಲ್ಲಿ ಸಂತ ಅಬ್ದುಲ್ ರಜಾಕ್ ಖಾದ್ರಿ. 1885ರಲ್ಲಿ ಜಿಲ್ಲೆಯ ಕಚೇರಿಗಳು ಕಲಾದಗಿಯಿಂದ ಬಿಜಾಪುರಕ್ಕೆ ಬಂದಾಗ ಹಳೆಯ ಮಹಲು, ಮಸೀದಿಗಳಲ್ಲೇ ಸರ್ಕಾರ ಬೀಡುಬಿಟ್ಟಿತು. ಬುಖಾರಿ ಮಸೀದಿ ಅಂಚೆ ಕಚೇರಿಯಾಯಿತು, ಖಾನ್ ಮುಹಮ್ಮದನ ಗೋರಿಯಲ್ಲಿ ಎಂಜಿನಿಯರ್ ಸಾಹೇಬರು ಸಂಸಾರ ಹೂಡಿದರು. ಕತ್ತಿ ಹಿಡಿದು ಬದುಕಿದವರನ್ನೂ ಸಂತನನ್ನೂ ಅಕ್ಕತಂಗಿಯರೆಂದು ಕರೆದ ಮಾತು ಪ್ರವಾಸಿ ಕೈಪಿಡಿಗಳಲ್ಲಿ ಉಳಿದಿದೆ. ಊರವರಿಗೆ ಅದು ಜೋಡಗುಮ್ಮಟ, ದರ್ಗಾಕ್ಕೆ ನಡೆದುಕೊಳ್ಳುವವರಿಗೆ ಅಬ್ದುಲ್ ರಜಾಕ್ ದರ್ಗಾ.

ಬಾರಾ ಕಮಾನ್ ಹೆಸರಿನಲ್ಲಿ ಮಾತ್ರ ನಗೆಗಿಂತ ಮರುಕ ಹೆಚ್ಚು. ಎರಡನೆಯ ಅಲಿ ಆದಿಲ್ ಶಾಹನಿಗೆ ತಂದೆಯ ಗೋಳಗುಮ್ಮಟವನ್ನು ಮೀರಿಸುವ ಆಸೆ. ಅವನು 1672ರಲ್ಲಿ ತೀರಿಕೊಂಡಾಗ ಕಮಾನುಗಳಷ್ಟೇ ಎದ್ದಿದ್ದವು. ಗುಮ್ಮಟ ಏರಲಿಲ್ಲ, ಸಮಾಧಿ ಬಯಲಿಗೇ ಉಳಿಯಿತು. ಇದಕ್ಕೆ ಅಲಿ ರೋಜಾ ಎಂದು ಹೆಸರಿದ್ದದ್ದು ಯಾರಿಗೆ ನೆನಪಿದೆ? ಬಾರಾ ಎಂದರೆ ಹನ್ನೆರಡು, ಆದರೆ ಅಲ್ಲಿ ನಿಂತು ಎಣಿಸಿದರೆ ಕಮಾನುಗಳು ಹನ್ನೆರಡಕ್ಕೆ ನಿಲ್ಲುವುದಿಲ್ಲ. ಲೆಕ್ಕ ತಪ್ಪಿದ ಹೆಸರೇ ಗಟ್ಟಿಯಾಯಿತು.

ಗೋಳಗುಮ್ಮಟದ ವಿಷಯವಂತೂ ಎಲ್ಲಕ್ಕಿಂತ ದೊಡ್ಡದು. ಮುಹಮ್ಮದ್ ಆದಿಲ್ ಶಾಹ (1627–1656) ತನಗಾಗಿ ಕಟ್ಟಿಸಿಕೊಂಡ ಈ ಗೋರಿಯ ಶಿಲ್ಪಿ ದಾಬೋಳದ ಯಾಕೂತ್. ಗುಮ್ಮಟದ ಹೊರ ಅಡ್ಡಳತೆ ಸುಮಾರು 44 ಮೀಟರ್. ಒಳಗಿನ ನೆಲ ಒಂದೊಂದು ಬದಿಗೆ 135 ಅಡಿಯಂತೆ 18,225 ಚದರಡಿ, ನಡುವೆ ಒಂದು ಕಂಬವೂ ಇಲ್ಲ. ಫಾರಸಿಯ ಗುಂಬಜ್ ಕನ್ನಡದ ನಾಲಿಗೆಯಲ್ಲಿ ಗುಮ್ಮಟವಾಯಿತು. ಪಿಸುಮಾತಿಗೂ ಮರುಮಾತು ಕೊಡುತ್ತದೆಂದು ಕೆಲವರು ‘ಬೋಲ್ ಗುಂಬಜ್’ ಎಂದರು. ಕಟ್ಟಿಸಿದ ಅರಸನ ಹೆಸರು ಮಾತ್ರ ಅದರ ಹೆಸರಿನೊಳಗೆ ಎಲ್ಲೂ ಇಲ್ಲ.

ಈ ಗುಮ್ಮಟದಿಂದಲೇ ‘ಗುಮ್ಮಟ ನಗರಿ’ ಹುಟ್ಟಿದ್ದು. ಅದನ್ನು ಬೆಳೆಸಿದವರು ಪತ್ರಿಕೆಯವರು. ಒಂದೇ ಸುದ್ದಿಯಲ್ಲಿ ಊರ ಹೆಸರನ್ನು ನಾಲ್ಕು ಸಲ ಬರೆಯುವುದಕ್ಕೆ ಬೇಸತ್ತ ವರದಿಗಾರರಿಗೆ ಇಂಥ ಹೆಸರು ಬೇಕೇ ಬೇಕು. ಹಾಗೆಯೇ ಬೆಳಗಾವಿ ಕುಂದಾ ನಗರಿ, ದಾವಣಗೆರೆ ಬೆಣ್ಣೆ ನಗರಿ, ಹುಬ್ಬಳ್ಳಿ ಛೋಟಾ ಮುಂಬೈ. ಆಲಮಟ್ಟಿಯ ಹಿನ್ನೀರು ಹಳೆಯ ಓಣಿಗಳನ್ನು ನುಂಗಿದ ಬಾಗಲಕೋಟೆ ‘ಮುಳುಗಡೆ ನಗರಿ’. ಈ ಕಡೆಯ ಹೆಸರನ್ನು ಓದುವಾಗಲೆಲ್ಲ ನನ್ನ ಎದೆ ಭಾರವಾಗುತ್ತದೆ. ಮನೆ ಕಳೆದುಕೊಂಡವರ ಊರಿಗೆ ಆ ನಷ್ಟವನ್ನೇ ಹೆಸರಾಗಿಸುವುದು ತರವೆ? ಆದರೆ ಅದು ಸುಳ್ಳೂ ಅಲ್ಲ.

ನಷ್ಟವನ್ನು ಹೆಸರಾಗಿಸುವುದು ಈ ಸೀಮೆಗೆ ಹೊಸತೂ ಅಲ್ಲ. 1791–92ರ ಬರದಲ್ಲಿ ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದವೆಂದು ಅದು ‘ಡೋಗಿ ಬರ’ವಾಯಿತು. ಬಾಗಲಕೋಟೆ 1997ರಲ್ಲಿ ಬೇರೆ ಜಿಲ್ಲೆಯಾಗುವ ಮೊದಲು ಕೃಷ್ಣಾ, ಭೀಮಾ, ಡೋಣಿ, ಘಟಪ್ರಭಾ, ಮಲಪ್ರಭಾ ಐದೂ ಹೊಳೆಗಳು ಒಂದೇ ಜಿಲ್ಲೆಯಲ್ಲಿದ್ದವು. ಅದಕ್ಕೆ ಬಿಜಾಪುರವೆಂದರೆ ‘ಪಂಚನದಿಗಳ ಬೀಡು’, ‘ಕರ್ನಾಟಕದ ಪಂಜಾಬ್’. ಅದೇ ಬಾಯಿಯಿಂದ ‘ಬರದ ಜಿಲ್ಲೆ’ ಎಂಬ ಹೆಸರೂ ಬಂತು. ಹೊಳೆ ಕೆಳಗೆ ಹರಿಯುತ್ತಿತ್ತು, ಹೊಲ ಮೇಲೆ ಒಣಗುತ್ತಿತ್ತು. ಉಪ್ಪುನೀರಿನ ಡೋಣಿಯ ಬಗ್ಗೆ ಮಂದಿ ಹೇಳುವ ಗಾದೆಯಂತೂ ಎಲ್ಲರಿಗೂ ಗೊತ್ತು: ಡೋಣಿ ಬೆಳೆದರ ಓಣೆಲ್ಲಾ ಜ್ವಾಳ. ಆ ‘ಬೆಳೆದರ’ ಎಂಬ ಮಾತಿನ ಕೊನೆಯಲ್ಲಿ ಎಷ್ಟು ತಲೆಮಾರಿನ ಒಕ್ಕಲಿಗರು ಆಕಾಶ ನೋಡುತ್ತ ಕುಳಿತಿದ್ದಾರೆ!

ತಿಕೋಟಾದ ಸುತ್ತ ಈಗ ದ್ರಾಕ್ಷಿ ತೋಟಗಳು ಬಂದಿವೆ, ಬಿಸಿಲಿನ ಕಾಲಕ್ಕೆ ಒಣದ್ರಾಕ್ಷಿಯ ಶೆಡ್ಡುಗಳು ತುಂಬುತ್ತವೆ. ಬೇಸಿಗೆಯಲ್ಲಿ ಟ್ಯಾಂಕರಿನಿಂದ ನೀರು ತರಿಸಿ ಬಳ್ಳಿ ಉಳಿಸಿಕೊಂಡ ಕಷ್ಟವನ್ನು ಇಲ್ಲಿಯ ರೈತರು ಕಂಡಿದ್ದಾರೆ. ಈಚೆಗೆ ಏತ ನೀರಾವರಿಯಿಂದ ಕೃಷ್ಣೆಯ ನೀರು ಮೇಲೇರಿ ಬಂದಿದೆ. ಬಬಲೇಶ್ವರ ತಾಲ್ಲೂಕಿನ ಮಮದಾಪುರದ ದೊಡ್ಡ ಕೆರೆ ಕಟ್ಟಿಸಿದವನು ಗೋಳಗುಮ್ಮಟ ಕಟ್ಟಿಸಿದ ಅದೇ ಮುಹಮ್ಮದ್ ಆದಿಲ್ ಶಾಹ. ಊರಿಗೂ ಅವನದೇ ಹೆಸರು. ಗುಮ್ಮಟದಲ್ಲಿ ಉಳಿಯದ ಹೆಸರು ಕೆರೆಯ ದಂಡೆಯಲ್ಲಿ ಉಳಿದಿದೆ, ಅದೂ ಒಕ್ಕಲಿಗರ ಬಾಯಲ್ಲಿ ‘ಮಮದಾಪೂರ’ವಾಗಿ ಸವೆದು, ನುಣುಪಾಗಿ.

ಸರ್ಕಾರ 2014ರ ನವೆಂಬರ್ 1ರಂದು ಹನ್ನೆರಡು ನಗರಗಳ ಹೆಸರನ್ನು ಕನ್ನಡದ ಉಚ್ಚಾರಕ್ಕೆ ತಂದಾಗ ಬಿಜಾಪುರ ಮತ್ತೆ ವಿಜಯಪುರವಾಯಿತು. ನನಗೆ ಅದರಲ್ಲಿ ಸಂತೋಷವೇ ಇದೆ, ಶಾಸನದ ಹೆಸರು ಫಲಕಕ್ಕೆ ಬಂತು. ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರ ಇರುವುದರಿಂದ ವಿಳಾಸ ಬರೆಯುವಾಗ ಜಿಲ್ಲೆಯ ಹೆಸರು ಮರೆಯುವಂತಿಲ್ಲ ಅಷ್ಟೆ. ನಮ್ಮ ಬಿಜಾಪುರಕ್ಕೆ ಬರುವ ರೈಲು ಮಾತ್ರ ಇನ್ನೂ ಗೋಳಗುಂಬಜ್ ಎಕ್ಸ್‌ಪ್ರೆಸ್.

ಸಣ್ಣವನಿದ್ದಾಗ ಬಬಲೇಶ್ವರದ ಕಡೆಯಿಂದ ಅಜ್ಜಿಯ ಜೊತೆ ಬಿಜಾಪುರಕ್ಕೆ ಬರುತ್ತಿದ್ದೆ. ಬಸ್ಸಿನಲ್ಲಿ ಕಾಲ್ಮರಿ ಕಳಚಿ ಸೀಟಿನ ಮೇಲೆ ಕಾಲು ಮಡಚಿ ಕೂಡುವುದು ನನ್ನ ರೂಢಿ. ಎರಡೂ ಬದಿಗೆ ಎರಿ ಹೊಲ, ಜೋಳದ ದಂಟು, ನಡುವೆ ನೆಟ್ಟಗೆ ಬಿದ್ದ ದಾರಿ. ಊರು ಇನ್ನೂ ದೂರ ಇರುವಾಗಲೇ ಹೊಲದ ಅಂಚಿನಾಚೆ ಬೂದುಬಣ್ಣದ ಒಂದು ದುಂಡನೆಯ ಬೆನ್ನು ಮೇಲೇಳುತ್ತಿತ್ತು. ಅಜ್ಜಿ ಕಿಟಕಿಯಿಂದ ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು, ನನ್ನ ಮೊಣಕಾಲು ತಟ್ಟುತ್ತಿದ್ದಳು.

‘ಗುಮ್ಮಟಾ ಕಾಣಾಕತ್ತೇತಿ ನೋಡೋ. ಏಳು, ಕಾಲ್ಮರಿ ಹಾಕ್ಕೊ.’